ಟಗರಿನ ಹುರಿ ಬಿಚ್ಚಿದ ವರ್ಷ

ಹೋದ ತಿಂಗಳು ತಂಗಿಯ ಮೊಮ್ಮಗಳ ನಿಶ್ಚಯಕ್ಕೆಂದು ಹಾನಗಲ್ಲಿಗೆ ಹೋಗಿದ್ದೆ. ಊಟ ಮುಗಿಸಿ ಹುಬ್ಬಳ್ಳಿ ಬಸ್ಸು ಹತ್ತಿದಾಗ ಸಣ್ಣಗೆ ಮಳೆ ಹಿಡಿದಿತ್ತು. ಊರ ಹೊರಗೆ ಒಬ್ಬ ಕುರಿಗಾರ ಕೈ ಮಾಡಿ ಬಸ್ಸು ನಿಲ್ಲಿಸಿ, ಹತ್ತಿ, ನನ್ನ ಪಕ್ಕದಲ್ಲೇ ಕುಳಿತ. ಅವನ ಕರಿಯ ಕಂಬಳಿ ಪೂರ್ತಿ ತೋಯ್ದಿತ್ತು. ತೋಯ್ದ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ಹಾಲು, ಹಿಕ್ಕೆ, ಹೊಗೆ, ಹಳೆಯ ಬೆವರು ಎಲ್ಲ ಕೂಡಿದ್ದು. ಮುಂದಿನ ಸೀಟಿನ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನು ಮುಖ ತಿರುಗಿಸಿದ್ದು ಬೇರೆ ಕಾರಣಕ್ಕೆ. ಇಳಿದುಬಿಡೋಣವೆನಿಸಿತು, ಇಳಿಯಲಿಲ್ಲ. ಹಾಗೇ ಕುಳಿತೆ. ಕುಳಿತಷ್ಟು ಹೊತ್ತೂ ಒಂದೇ ವರ್ಷ ಕಣ್ಣ ಮುಂದೆ ಸುತ್ತಿತು. ಅದನ್ನು ಈಗ ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆಂದು ಜನ ಹೇಳುತ್ತಾರೆ. ನನಗೆ ಅಂಥ ನಂಬಿಕೆಯೇನೂ ಇಲ್ಲ.

ಎರಡನೇ ಸಲಕ್ಕೆ ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕುಳಿತಿದ್ದಾಗ ನನಗೆ ಸರಕಾರದ ಕುರಿ ಯೋಜನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಯುದ್ಧ ನಡೆದಿತ್ತು. ಸಿಪಾಯಿಗಳಿಗೆ ಕಂಬಳಿ ಬೇಕು, ಕಂಬಳಿಗೆ ಉಣ್ಣೆ ಬೇಕು. ನಮ್ಮ ಕಡೆ ಉಣ್ಣೆಗೆ ತುಪ್ಪಟ ಎನ್ನುತ್ತಾರೆ. ಕುರಿಗೆ ತುಪ್ಪಟ ಹೆಚ್ಚು ಬರುವ ಹಾಗೆ ತಳಿ ಸುಧಾರಿಸಬೇಕೆಂಬುದು ಯೋಜನೆ. ಶಿಗ್ಗಾವಿಯಲ್ಲಿ ಒಂದು ಕೋಣೆ, ಒಂದು ಸೈಕಲ್ಲು, ಒಂದು ತೂಗುವ ತಕ್ಕಡಿ, ಕಿವಿಗೆ ಚುಚ್ಚುವ ತಗಡಿನ ಬಿಲ್ಲೆಗಳು ಮತ್ತು ಒಂದು ದಪ್ಪ ದಪ್ತರ. ಪ್ರತಿಯೊಂದು ಕುರಿಯ ಬಿಲ್ಲೆಯ ಸಂಖ್ಯೆಯ ಮುಂದೆ ಅದರ ತಂದೆ ಯಾವುದು, ತುಪ್ಪಟ ಎಷ್ಟು ತೂಗಿತು, ಮೈ ಎಷ್ಟು ತೂಗಿತು, ಮರಿ ಹಾಕಿತೋ ಇಲ್ಲವೋ ಬರೆಯುವುದು. ತಡಸದಿಂದ ಹಿರೇಕೆರೂರಿನವರೆಗೆ ಹಟ್ಟಿ ಹಟ್ಟಿ ಸುತ್ತುತ್ತಿದ್ದೆ. ಕುರಿಗಾರರು ನನ್ನನ್ನು 'ತಕ್ಕಡಿ ಸಾಹೇಬ್ರು' ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಮರ್ಯಾದೆ ಎಂದುಕೊಂಡಿದ್ದೆ.

ಸವಣೂರಿನ ಹೊರಗೆ ಮಾಳಪ್ಪನ ಹಟ್ಟಿ. ಮಾಳಪ್ಪ ಕಡಿಮೆ ಮಾತಿನ ಮುದುಕ. ಅವನ ಹೆಂಡತಿ ಹೊನ್ನವ್ವನೇ ಹಟ್ಟಿಯ ನಿಜವಾದ ಯಜಮಾನಿ. ಯುದ್ಧ ಶುರುವಾದ ಎರಡನೇ ಮೃಗಶಿರೆಗೆ, ನಮ್ಮವರ ಮಾತಿನಲ್ಲಿ ಮಿರಗದ ಮಳೆಗೆ, ನಾನು ಅಲ್ಲಿಗೆ ಒಂದು ಟಗರು ಹೊಡೆದುಕೊಂಡು ಹೋದೆ. ತಡಸದ ಒಂದು ಹಟ್ಟಿಯಲ್ಲಿ ಎಲ್ಲ ಟಗರುಗಳ ತುಪ್ಪಟ ತೂಗಿ, ನಾನೇ ಆರಿಸಿದ್ದು. ಬೇರೆ ಟಗರಿನ ಹೆಚ್ಚುಕಡಿಮೆ ಎರಡರಷ್ಟು ತುಪ್ಪಟ. ಕೊಟ್ಟವನು ಒಂದು ಮಾತು ಹೇಳಿದ್ದ: ಇದರ ತಾಯಿ ವರ್ಷ ಬಿಟ್ಟು ವರ್ಷ ಈಯುತ್ತಿತ್ತು, ಒಮ್ಮೊಮ್ಮೆ ಎರಡು ವರ್ಷ ಖಾಲಿ. ಟಗರಿನ ತಾಯಿಯ ವಿಷಯ ಬರೆಯಲು ದಪ್ತರದಲ್ಲಿ ಜಾಗವಿರಲಿಲ್ಲ. ಹಾಗಾಗಿ ಬರೆಯಲಿಲ್ಲ.

ಹೊನ್ನವ್ವ ಅದರ ಸುತ್ತ ಒಂದು ಸುತ್ತು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಇದು ಟಗರಲ್ರಿ, ಜಮಖಾನ. ಮದವಿ ಮನ್ಯಾಗ ಹಾಸಾಕ ಛಲೋ ಆಕ್ಕೈತಿ."

"ತುಪ್ಪಟ ನೋಡವ್ವಾ, ಕೈ ಹಾಕಿದರ ಬೆರಳು ಕಾಣೂದಿಲ್ಲ" ಎಂದೆ.

"ಟಗರನ್ನ ಮ್ಯಾಲ ಕೈ ಆಡ್ಸಿ ನೋಡೂದಲ್ರಿ, ಹಿಂದ ನಿಂತು ನೋಡೂದು. ನಿಮ್ಮ ಮದವಿ ಆಗೇತೋ ಇಲ್ಲೋ?" ಎಂದಳು. ಸುತ್ತ ನಿಂತ ಹೆಂಗಸರು ಬಿದ್ದು ಬಿದ್ದು ನಕ್ಕರು.

ಆ ಟಗರಿಗೆ ಜಮಖಾನ ಎಂಬ ಹೆಸರೇ ನಿಂತಿತು. ಮಾಳಪ್ಪನ ಸ್ವಂತ ಟಗರು ಬೋಳ್ಯಾ; ಎತ್ತರದ ಆಳು, ಹೊಟ್ಟೆಯ ಕೆಳಗೆ, ಕಾಲಿನ ಮೇಲೆ ಒಂದು ಕೂದಲಿಲ್ಲ. ಯೋಜನೆಯ ಪ್ರಕಾರ ಹಟ್ಟಿಯ ಕುರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಬೋಳ್ಯಾನನ್ನೂ ಇನ್ನೊಂದಕ್ಕೆ ಜಮಖಾನನನ್ನೂ ಬಿಡಿಸಿದೆ. ಹುಟ್ಟಿದ ಮರಿಗಳ ಕಿವಿಗೆ ಬಿಲ್ಲೆ ಚುಚ್ಚಿದೆ. ಬಿಲ್ಲೆಯ ಮೇಲೆ ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಟಗರು ತಂದೆ ಎಂಬುದು ನನ್ನ ದಪ್ತರದಲ್ಲಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಹಟ್ಟಿಯವರು ಕುರಿಯ ವಂಶವನ್ನು ತಾಯಿಯಿಂದ ಎಣಿಸುತ್ತಿದ್ದರು; ಒಂದು ತಾಯಿಯ ಸಂತತಿಗೆ 'ಬಳಿ' ಎನ್ನುತ್ತಿದ್ದರು. ಹೊನ್ನವ್ವನಿಗೆ ಅಕ್ಷರ ಬಾರದು, ಆದರೆ ಚಂದ್ರಿಯ ಮಗಳು ಕಪ್ಪಿ, ಕಪ್ಪಿಯ ಮಗಳು ಮೋಟಗಿವಿ, ಮೋಟಗಿವಿಯ ಮಗಳು ಇದು ಎಂದು ಏಳೆಂಟು ತಲೆಮಾರು ಬಾಯಲ್ಲೇ ಹೇಳುತ್ತಿದ್ದಳು. ಯಾವ ಬಳಿಯಲ್ಲಿ ಹಾಲು ಹೆಚ್ಚು, ಯಾವ ಬಳಿಯಲ್ಲಿ ಅವಳಿ ಜಾಸ್ತಿ, ಎಲ್ಲ ಗೊತ್ತು. ತಂದೆಯ ಹೆಸರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. "ಟಗರು ಮಳಿ ಇದ್ದಂಗ್ರಿ, ಎಲ್ಲಾರ ಹೊಲದ ಮ್ಯಾಲ ಬೀಳ್ತೈತಿ" ಎನ್ನುತ್ತಿದ್ದಳು.

ಮರುವರ್ಷ ಜಮಖಾನನನ್ನು ಯೋಜನೆಯವರು ಶಿಗ್ಗಾವಿಗೆ ಒಯ್ದರು. ಬೋಳ್ಯಾ ಮುದಿಯಾದನೆಂದು ಮಾಳಪ್ಪ ಅದೇ ವರ್ಷ ಹೊಸದೊಂದು ಟಗರನ್ನು ಬದಲಿಗೆ ತಂದ. ಜಮಖಾನನ ಹೆಣ್ಣುಮರಿಗಳು ಬೆಳೆದವು. ಅವುಗಳ ತುಪ್ಪಟವನ್ನು ಮೊದಲ ಸಲ ಕತ್ತರಿಸಿ ತೂಗಿದ ದಿನ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಸೈಕಲ್ಲು ತುಳಿಯುತ್ತ ಹಾಡು ಹೇಳಿಕೊಂಡು ಶಿಗ್ಗಾವಿಗೆ ಬಂದಿದ್ದೆ.

ನಾನು ಹೇಳಬೇಕೆಂದಿರುವ ವರ್ಷ ಅದರ ಮುಂದಿನದು. ಆ ಬೇಸಿಗೆಯಲ್ಲಿ ಮಾಳಪ್ಪನ ಮಗ ಬೀರಪ್ಪನಿಗೆ ಮದುವೆಯಾಯಿತು. ಹುಡುಗಿ ನೀಲವ್ವ, ಹಿರೇಕೆರೂರು ತಾಲೂಕಿನ ಚಿಕ್ಕೇರೂರ ಕಡೆಯವಳು. ಅವಳ ತವರೂ ಕುರಿಗಾರರ ಮನೆಯೇ. ಹಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಮರಿಗಳು ಹೊತ್ತಲ್ಲದ ಹೊತ್ತಿನಲ್ಲಿ ಹುಟ್ಟಬಾರದೆಂದು ಟಗರಿನ ಹೊಟ್ಟೆಯ ಕೆಳಗೆ ಒಂದು ಉಣ್ಣೆಯ ಹುರಿ ಕಟ್ಟಿ ಅದನ್ನು ಹಿಡಿದಿಡುತ್ತಾರೆ. ಮಿರಗದ ಮೊದಲ ಮಳೆ ಬಿದ್ದ ದಿನ ಹುರಿ ಬಿಚ್ಚಿ ಟಗರನ್ನು ಕುರಿಗಳಲ್ಲಿ ಬಿಡುತ್ತಾರೆ. ಹಟ್ಟಿಗೆ ಹೊಸದಾಗಿ ಬಂದ ಸೊಸೆ ಇದ್ದರೆ ಬಿಚ್ಚುವುದು ಅವಳ ಕೈಯಿಂದ.

ಆ ದಿನ ನಾನು ಅಲ್ಲೇ ಇದ್ದೆ. ಮಳೆ ನಿಂತು ಎರೆನೆಲದ ವಾಸನೆ ಎದ್ದಿತ್ತು. ಬೀರಪ್ಪ ಟಗರಿನ ಕೊಂಬು ಹಿಡಿದಿದ್ದ. ನೀಲವ್ವ ಹಸಿರು ಬಳೆಯ ಕೈಗಳನ್ನು ಟಗರಿನ ಹೊಟ್ಟೆಯ ಕೆಳಗೆ ಹಾಕಿದಳು. ಗಂಟು ನೀರು ಕುಡಿದು ಬಿಗಿದಿತ್ತು.

"ಬರವೊಲ್ದೇನ ನೀಲಾ? ಗಂಡನ್ನ ಕರೀಲೇನ?" ಎಂದು ಒಬ್ಬಳು ಕೂಗಿದಳು.

"ಅಂವ ಕೊಂಬು ಹಿಡ್ದಾನಲ್ಲ, ಸಾಕು. ಅವನ ಕೈಯಾಗ ಗಂಟು ಕೊಟ್ರ ಮುಂದಿನ ಮಿರಗ ಬರತೈತಿ" ಎಂದಳು ನೀಲವ್ವ, ತಲೆ ಎತ್ತದೆ.

ಬೀರಪ್ಪನ ಕಿವಿ ಕೆಂಪಾಯಿತು. ಮಾಳಪ್ಪ ಕೂಡ ನಕ್ಕ. ನೀಲವ್ವ ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿ ಹುರಿ ಎಳೆದಳು. ಟಗರಿಗೆ ಬೆಲ್ಲ ತಿನ್ನಿಸಿ ಬೆನ್ನಿಗೊಂದು ಗುದ್ದು ಕೊಟ್ಟಳು. ಅವಳಿಗೆ ಹದಿನೇಳೋ ಹದಿನೆಂಟೋ. ಅಷ್ಟು ಧೈರ್ಯದ ಹುಡುಗಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮಳೆಗಾಲವೆಲ್ಲ ಎರೆಮಣ್ಣಿನಲ್ಲಿ ಸೈಕಲ್ಲು ಹೊತ್ತುಕೊಂಡು ತಿರುಗಿದೆ. ತಿರುಗಿ ಸವಣೂರಿಗೆ ಬಂದದ್ದು ದೀಪಾವಳಿಯ ಹೊತ್ತಿಗೆ, ಮರಿ ಹಾಕುವ ಕಾಲಕ್ಕೆ. ಹಳೆಯ ಕುರಿಗಳು ಎಂದಿನ ಹಾಗೆ ಈದಿದ್ದವು. ಮೊದಲ ಸೂಲಿನ ಕುರಿಗಳಲ್ಲಿ ಮಾತ್ರ ಸುಮಾರು ಗೊಡ್ಡು ನಿಂತಿದ್ದವು. ಹೊನ್ನವ್ವ ತನ್ನ ಲೆಕ್ಕ ಹಾಕಿದಳು. ಚಂದ್ರಿಯ ಬಳಿಯಲ್ಲಿ ಎರಡು, ಇನ್ನೊಂದು ಬಳಿಯಲ್ಲಿ ಮೂರು, ಅವಳಿ ಹಾಕುವ ಬಳಿಯಲ್ಲೂ ಎರಡು. ಒಂದೇ ತಾಯಿಯ ಬಳಿಯಲ್ಲಿ ಹೀಗಾಗಿದ್ದರೆ ಆ ಬಳಿಯ ದೋಷ ಎನ್ನಬಹುದಿತ್ತು. ಎಲ್ಲ ತಾಯಂದಿರ ಮನೆಗೂ ಕೆಡುಕು ಹೊಕ್ಕಿದೆಯೆಂದರೆ? ಅವಳ ಲೆಕ್ಕದ ಪ್ರಕಾರ ಅದು ಹೊರಗಿನಿಂದ ಬಂದದ್ದು. ಆ ವರ್ಷ ಹೊರಗಿನಿಂದ ಬಂದದ್ದು ಒಂದೇ.

ಯಾರೂ ಬಾಯಿಬಿಟ್ಟು ಮೊದಲು ಹೇಳಲಿಲ್ಲ. ನೀಲವ್ವನ ಕೈಗೆ ಎಳೆ ಮರಿ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ಹಾಲು ಹಿಂಡುವುದನ್ನು ಬಿಡಿಸಿದರು. ಆಮೇಲೆ ಕುರಿದೊಡ್ಡಿಯ ಬೇಲಿ ದಾಟಬೇಡ ಎಂದರು. ಹೊನ್ನವ್ವ ಕೆಟ್ಟವಳಲ್ಲ. "ನನಗೂ ಕರಳ ಚುರ್ ಅಂತೈತ್ರಿ ಸಾಹೇಬ್ರ, ಆದ್ರ ಕುರಿ ಹ್ವಾದ್ರ ನಾವೇನ್ ತಿನ್ನೂಣು?" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು.

ಆ ವಾರ ಉಣ್ಣೆಯ ಮೂಟೆಗಳನ್ನು ರೈಲಿಗೆ ಹಾಕಲು ಯಲವಿಗಿ ಸ್ಟೇಶನ್ನಿಗೆ ಹೋಗಿದ್ದೆ. ಮಾಲುಗಾಡಿ ತಡವಾಯಿತು. ಹೊತ್ತು ಹೋಗದೆ, ದಪ್ತರ ತೆಗೆದು, ಮಾಳಪ್ಪನ ಹಟ್ಟಿಯ ಮೊದಲ ಸೂಲಿನ ಒಂದೊಂದು ಕುರಿಯನ್ನು ಒಂದೊಂದು ಚೀಟಿಯ ಮೇಲೆ ಬರೆದೆ. ಗಾಳಿಗೆ ಹಾರದಂತೆ ಚೀಟಿಗೊಂದು ಹರಳು ಇಟ್ಟು ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಹರವಿದೆ. ಮೊದಲು ತುಪ್ಪಟದ ತೂಕದ ಪ್ರಕಾರ ಸಾಲಾಗಿ ಜೋಡಿಸಿದೆ. ಗೊಡ್ಡು ಎಂದು ಬರೆದ ಚೀಟಿಗಳು ಹೆಚ್ಚುಕಡಿಮೆ ಎಲ್ಲ ಮೇಲಿನ ತುದಿಗೆ ಬಂದು ಕೂಡಿದವು. ಮೈತೂಕದ ಪ್ರಕಾರ ಜೋಡಿಸಿದೆ. ಅವೇ ಚೀಟಿಗಳು ಕೆಳಗಿನ ತುದಿಗೆ ಹೋದವು. ತುಪ್ಪಟ ಹೆಚ್ಚಾದವಕ್ಕೆ ಮೈ ಇಲ್ಲ, ಮೈ ಇಲ್ಲದವಕ್ಕೆ ಗಬ್ಬ ಇಲ್ಲ. ಕೊನೆಗೆ ತಂದೆಯ ಹೆಸರಿನ ಪ್ರಕಾರ ಎರಡು ಗುಂಪು ಮಾಡಿದೆ. ಬೋಳ್ಯಾನ ಗುಂಪಿನಲ್ಲಿ ಒಂದೋ ಎರಡೋ ಗೊಡ್ಡು. ಉಳಿದ ಗೊಡ್ಡುಗಳೆಲ್ಲ ಜಮಖಾನನ ಹೆಣ್ಣುಮಕ್ಕಳು.

ಅದೇ ಹಟ್ಟಿ, ಅದೇ ಮೇವು, ಅದೇ ಟಗರು, ಅದೇ ಕೈ ಬಿಚ್ಚಿದ ಹುರಿ. ಬೋಳ್ಯಾನ ಮಕ್ಕಳು ಈದಿದ್ದವು, ಜಮಖಾನನ ಮಕ್ಕಳು ಈದಿರಲಿಲ್ಲ. ಬಹಳ ವರ್ಷಗಳ ಮೇಲೆ ಒಬ್ಬ ದನದ ಡಾಕ್ಟರ್ ನನಗೆ ಹೇಳಿದ: ತುಪ್ಪಟ, ಮೈ, ಮರಿ ಈ ಮೂರೂ ಕುರಿಯ ರಕ್ತದಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಒಂದನ್ನೇ ಹಿಡಿದು ಎಳೆದರೆ ಇನ್ನೊಂದು ಕುಸಿಯಬಹುದು, ಆದ್ದರಿಂದ ಮೂರನ್ನೂ ಕೂಡಿಯೇ ನೋಡಬೇಕು ಎಂದು. ಅಂದು ನನಗೆ ಅಷ್ಟು ವಿದ್ಯೆ ಇರಲಿಲ್ಲ. ಆದರೆ ನೀಲವ್ವನ ಕೈಯಲ್ಲಿ ಏನೂ ಇಲ್ಲ, ನಾನು ಆರಿಸಿದ ಟಗರಿನಲ್ಲಿ ಇದೆ ಎಂದು ತಿಳಿಯುವಷ್ಟು ಬುದ್ಧಿ ಇತ್ತು. ಗಾಡಿ ಬಂತು. ಹರಳುಗಳನ್ನು ಕೆಳಗೆ ಸುರಿದು ಚೀಟಿಗಳನ್ನು ಜೇಬಿಗೆ ತುರುಕಿದೆ.

ಎಂಟು ದಿನಕ್ಕೆ ಮೇಲಿನ ಸಾಹೇಬರು ಶಿಗ್ಗಾವಿಗೆ ತನಿಖೆಗೆ ಬಂದರು. ತುಪ್ಪಟದ ಅಂಕಿ ನೋಡಿ ಬಹಳ ಖುಷಿಪಟ್ಟರು.

"ಭಲೆ! ಈ ಟಗರನ್ನ ಆರ್ಸಿದವ್ರು ಯಾರು? ನೀನ ಹೌದಿಲ್ಲೊ? ನಿನ್ನ ಪುಣೆಕ್ಕ ಟ್ರೇನಿಂಗಿಗೆ ಕಳಸ್ಬೇಕು. ಇದರ ಗಂಡುಮರಿ ಎಲ್ಲಾ ತಾಲೂಕಿಗೂ ಹಂಚೂಣು." ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಗೊಡ್ಡು ಹೆಂಗ? ಹೆಚ್ಚು ಕಡಿಮಿ ಏನರ?"

ಅವರು ಕೇಳಿದರು. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಎಷ್ಟೋ ವರ್ಷ ನನಗೆ ನಾನೇ 'ಅವರು ಕೇಳಲಿಲ್ಲ' ಎಂದು ಹೇಳಿಕೊಂಡಿದ್ದೇನೆ. ಚೀಟಿಗಳು ಜೇಬಿನಲ್ಲೇ ಇದ್ದವು.

"ಎಂದಿನಂಗ ರೀ ಸರ್" ಎಂದೆ.

ಸುಗ್ಗಿ ಮುಗಿದ ಮೇಲೆ ಹಟ್ಟಿಗಳು ಹಾನಗಲ್ಲ ಕಡೆ ಇಳಿಯುತ್ತವೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಾಳಪ್ಪನ ಹಟ್ಟಿಯೂ ಇಳಿದಿತ್ತು. ಪಂಚರು ಕೂಡುತ್ತಾರೆ, ನೀವೂ ಬರಬೇಕು ಎಂದು ನನಗೆ ಹೇಳಿಕಳಿಸಿದ್ದರು. ಗದ್ದೆಯ ಬದುವಿನ ಮೇಲೆ ಸೈಕಲ್ಲು ದೂಡಿಕೊಂಡು ಹೋಗುವಾಗ ನೀಲವ್ವ ಒಬ್ಬಳೇ ಕಾಲುವೆಯ ದಂಡೆಯಲ್ಲಿ ಕಟ್ಟಿಗೆ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಸೊರಗಿದ್ದಳು.

"ಸಾಹೇಬ್ರ, ಒಂದ್ ಮಾತು ಕೇಳ್ಲ್ಯಾ?"

"ಕೇಳವಾ."

"ನನ್ನ ಬೇಲಿ ಹೊರಗ ಇಟ್ಟಾರ, ಆದ್ರ ಹೊರಗಿನಿಂದ ಕಾಣತೈತಿ. ಕಣ್ಣ ಮುಚ್ಚೂವಷ್ಟು ತುಪ್ಪಟ ಇಳಿದ ಕುರಿ ಅದಾವಲ್ರಿ, ಸಣ್ಣ ಮೈಯಿನವು, ಅವ ಈದಿಲ್ಲ. ಅವನೆಲ್ಲಾ ಒಬ್ಬಾಕಿ ಹಡದಂಗ ಕಾಣತಾವು. ಅತ್ತಿ ಅಂತಾರ, ಅವು ಬ್ಯಾರೆ ಬ್ಯಾರೆ ತಾಯಿ ಮಕ್ಳು ಅಂತ. ಹಂಗಾರ ಅಪ್ಪ ಯಾರ್ರಿ? ನಿಮ್ಮ ದಪ್ತರದಾಗ ಅಪ್ಪನ ಹೆಸರ ಇರತೈತಂತಲ್ಲ?"

ದಪ್ತರವಿಲ್ಲದೆ, ಚೀಟಿಯಿಲ್ಲದೆ, ಬೇಲಿಯ ಹೊರಗೆ ನಿಂತು ಅವಳು ಕಂಡುಕೊಂಡಿದ್ದಳು.

"ನೋಡ್ತೇನಿ" ಎಂದೆ.

"ಇವತ್ತ ನೋಡ್ರಿ. ನಾಳೆ ನೋಡಿದ್ರ ನಾ ಇಲ್ಲಿ ಇರೂದಿಲ್ಲ."

ಮಧ್ಯಾಹ್ನ ಹುಣಸೆಮರದ ಕೆಳಗೆ ಐದು ಜನ ಹಿರಿಯರು ಕುಳಿತರು. ಕಂಬಳಿ ಹಾಸಿ ನನ್ನನ್ನೂ ಕೂರಿಸಿದರು. ದಪ್ತರ ನನ್ನ ತೊಡೆಯ ಮೇಲಿತ್ತು. ಒಬ್ಬ ಹಿರಿಯ ಎಲ್ಲ ಹೇಳಿ, ಹುಡುಗಿಯನ್ನು ತವರಿಗೆ ಕಳಿಸುವುದೇ ಸೈ ಎಂದ. ಆಗ ಮಾಳಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅವನಿಗೆ ಸೊಸೆಯ ಮೇಲೆ ಜೀವವಿತ್ತು.

"ತಡೀರಿ. ಸಾಹೇಬ್ರು ಓದಿದವ್ರು ಅದಾರ. ಮೂರು ವರ್ಷದಿಂದ ನಮ್ಮ ಕುರಿ ಬರಕೊಂಡಾರ. ಸಾಹೇಬ್ರ, ನಿಮ್ಮ ದಪ್ತರ ಏನ್ ಹೇಳ್ತೈತಿ? ಇದು ಹುಡುಗಿ ಕೈಗುಣಾನೋ, ಮತ್ತೇನರ ಐತೋ? ನೀವು ಹೇಳಿದ್ರ ನಾವು ಕೇಳ್ತೇವಿ."

ಅವರು ಕೇಳುತ್ತಿದ್ದರು. ನನಗೆ ಆ ಬಗ್ಗೆ ಇವತ್ತಿಗೂ ಸಂಶಯವಿಲ್ಲ. ಹೇಳಿದರೆ ಮಾತು ಹಟ್ಟಿಯಿಂದ ಹಟ್ಟಿಗೆ ಹೋಗುತ್ತದೆ, ಸಾಹೇಬರಿಗೆ ಮುಟ್ಟುತ್ತದೆ, ಪುಣೆ ತಪ್ಪುತ್ತದೆ. ನಾನು ಯೋಚಿಸಿದ್ದು ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

"ದಪ್ತರದಾಗ ಅದೆಲ್ಲಾ ತಿಳಿಯೂದಿಲ್ರಿ" ಎಂದೆ. "ಇದು ಬರೇ ತೂಕದ್ದು."

ನೀಲವ್ವ ದೂರದಲ್ಲಿ ಕಟ್ಟಿಗೆಯ ಹೊರೆಯ ಪಕ್ಕ ಕುಳಿತಿದ್ದಳು. ಅಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೇ. ಬೀರಪ್ಪ ನೆಲ ಕೆರೆಯುತ್ತಿದ್ದ. ಮರುದಿನ ಅವಳ ಅಣ್ಣ ಬಂದು ಕರೆದುಕೊಂಡು ಹೋದನಂತೆ. ಮುಂದಿನ ವರ್ಷ ಬೀರಪ್ಪನಿಗೆ ಬೇರೆ ಹೆಣ್ಣು ತಂದರು.

ನಾನು ಪುಣೆಗೆ ಹೋದೆ. ಹೋಗುವ ಮೊದಲು ಜಮಖಾನನ ಗಂಡುಮರಿಗಳನ್ನು ಹಂಚುವ ಪಟ್ಟಿ ಬರೆದುಕೊಟ್ಟೆ. ಹಿರೇಕೆರೂರು ತಾಲೂಕಿನ ಹಟ್ಟಿಗಳ ಹೆಸರುಗಳಲ್ಲಿ ಚಿಕ್ಕೇರೂರ ಕಡೆಯ ಒಂದು ಹಟ್ಟಿಯ ಹೆಸರು ಬರೆಯುವಾಗ ಲೇಖನಿ ತಡೆಯಿತು. ಅದು ನೀಲವ್ವನ ತಂದೆಯ ಹಟ್ಟಿ. ತೆಗೆದರೆ ಯಾಕೆ ತೆಗೆದೆ ಎಂದು ಕೇಳುತ್ತಾರೆ. ಬರೆದೆ.

ಸ್ವಾತಂತ್ರ್ಯ ಬಂದ ಮರುವರ್ಷ ನನ್ನನ್ನು ಹಿರೇಕೆರೂರಿಗೆ ಹಾಕಿದರು. ಬಂದ ವಾರದಲ್ಲೇ ಸುದ್ದಿ ತಿಳಿಯಿತು. ನನ್ನ ಪಟ್ಟಿಯಂತೆ ಹೋದ ಗಂಡುಮರಿ ಬೆಳೆದು, ಅದರ ಹೆಣ್ಣುಮಕ್ಕಳು ಬೆದೆಗೆ ಬಂದ ವರ್ಷ, ನೀಲವ್ವನ ತವರಿನ ಹಟ್ಟಿಯಲ್ಲೂ ಕುರಿ ಗೊಡ್ಡು ಬಿದ್ದಿದ್ದವು. ಸವಣೂರಿನ ಕಥೆ ಎಲ್ಲರಿಗೂ ಗೊತ್ತಿತ್ತು. ಎರಡನೇ ಸಲಕ್ಕೆ ಪಂಚರೂ ಬೇಕಾಗಲಿಲ್ಲ. ತಂದೆಯೇ ಅವಳಿಗೆ ಊರ ಅಂಚಿಗೆ ಒಂದು ಗುಡಿಸಲು ಹಾಕಿಕೊಟ್ಟಿದ್ದ. ಬೇರೆಯವರ ತುಪ್ಪಟ ಹಿಂಜಿ, ನೂತು ಹೊಟ್ಟೆ ಹೊರೆಯುತ್ತಿದ್ದಳು. ಜೀವವಿರುವ ಕುರಿಯನ್ನು ಅವಳು ಮುಟ್ಟುವ ಹಾಗಿರಲಿಲ್ಲ.

ಒಂದು ಮುಂಜಾನೆ, ಹಳೆಯ ದಪ್ತರದ ಹಾಳೆಯೊಂದನ್ನು ಹರಿದುಕೊಂಡು ಹೋದೆ. ಬಾಗಿಲಲ್ಲಿ ಕುಳಿತು ತುಪ್ಪಟ ಹಿಂಜುತ್ತಿದ್ದಳು. ಇಪ್ಪತ್ತೈದೂ ಆಗಿರದ ಹೆಂಗಸಿನ ತಲೆ ಅರ್ಧ ನರೆತಿತ್ತು. ಗುರುತು ಹಿಡಿದಳು.

"ತಕ್ಕಡಿ ಸಾಹೇಬ್ರು. ಬರ್ರಿ, ಕುಂದರ್ರಿ. ತೂಗಾಕ ಇಲ್ಲೇನೂ ಇಲ್ಲ."

ನಿಂತುಕೊಂಡೇ ಎಲ್ಲ ಹೇಳಿದೆ. ಯಲವಿಗಿ, ಚೀಟಿಗಳು, ಜಮಖಾನ, ಹಂಚುವ ಪಟ್ಟಿ. ಹಾಳೆಯನ್ನು ಚಾಚಿದೆ. ಅವಳ ಕೈ ಹಿಂಜುವುದನ್ನು ಬಿಡಲಿಲ್ಲ.

"ಇದರಾಗ ನನ್ನ ಹೆಸರ ಐತೇನ್ರಿ?"

"ಇಲ್ಲ. ಕುರಿಗಳ ಸಂಖ್ಯೆ ಅದಾವು."

"ಹಂಗಾರ ನನಗ ಯಾಕ್ರಿ ಇದು?" ಬೆರಳಿಗೆ ಸಿಕ್ಕ ಮುಳ್ಳೊಂದನ್ನು ಕಿತ್ತು ಎಸೆದಳು. "ನೀವು ಹೇಳಿದ್ದು ನನಗ ಅವತ್ತ ಗೊತ್ತಿತ್ತು. ನಾನ ನಿಮಗ ಹೇಳಿದ್ದೆ. ಗೊತ್ತಿಲ್ಲದವ್ರು ಅವರು. ಹೊನ್ನವ್ವತ್ತಿ ಇನ್ನೂ ಅದಾಳಂತ. ಮಾವನೂ ಅದಾನಂತ. ನಮ್ಮಪ್ಪ ಅಕಾ ಅಲ್ಲಿ ಕುಂತಾನ. ಅವರಿಗೆ ಹೇಳ್ರಿ."

"ಹೇಳ್ತೇನಿ" ಎಂದೆ.

"ಹೇಳ್ರಿ ಮತ್ತ" ಎಂದಳು. ನನ್ನ ಕಡೆ ನೋಡಲಿಲ್ಲ.

ಅವಳ ತಂದೆ ಬೇವಿನ ಕಟ್ಟೆಯ ಮೇಲೆ ಎಲೆ ಹಾಕಿಕೊಳ್ಳುತ್ತ ಕುಳಿತಿದ್ದ. ಅವನ ಮುಂದೆಯೇ ಹಾದುಹೋಗಬೇಕಿತ್ತು. "ಏನ್ ಬಂದಿದ್ರಿ ಸಾಹೇಬ್ರ?" ಎಂದು ಕೇಳಿದ. "ಹಿಂಗ ಬಂದಿದ್ದೆ" ಎಂದೆ. ಮೊದಲು ಸವಣೂರಿಗೆ ಹೋಗಿ ಹೇಳೋಣ, ಅಲ್ಲಿಂದಲೇ ಇದು ಶುರುವಾದದ್ದು, ಆಮೇಲೆ ಇವನಿಗೆ ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತ ಹಿರೇಕೆರೂರಿನ ಮೋಟಾರು ಸ್ಟ್ಯಾಂಡಿಗೆ ಬಂದೆ. ಬಿಸಿಲು ಏರಿತ್ತು. ಸ್ವಲ್ಪ ಹೊತ್ತಿಗೆ ಸವಣೂರಿನ ಮೋಟಾರು ಬಂತು. ಕ್ಲೀನರು ಕೆಳಗಿಳಿದು ನನ್ನ ಮುಖ ನೋಡಿ, "ಬರೋವ್ರೇನ್ರಿ?" ಎಂದ. ಜಾಗವೂ ಇತ್ತು.

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಮೋಟಾರು ಹೋಯಿತು.